ಬುಡ ಬಿಡಿಸಿದಾಗ

2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಮಳೆಮಾಪಕ ಸೊನ್ನೆಯಲ್ಲೇ ನಿಂತಿತ್ತು. 1983ರ ಮೇಲೆ ಏಪ್ರಿಲ್ ತಿಂಗಳು ಹೀಗೆ ಬರಿದಾಗಿ ಹೋದದ್ದು ಅದೇ ಮೊದಲು. ತಿಂಗಳ ಕೊನೆಗೆ ಬಿಸಿಲು 38 ಡಿಗ್ರಿ ದಾಟಿತು. ಹಿಂದಿನ ವರ್ಷವೇ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಸರ್ಕಾರ ಸಾರಿತ್ತು. ಕೊಳವೆಬಾವಿಗಳು ಒಂದೊಂದಾಗಿ ಬರೀ ಗಾಳಿ ಉಗುಳತೊಡಗಿದ್ದವು. ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಮಾರ್ಚ್‌ನಲ್ಲಿ ಆದೇಶ ಹೊರಡಿಸಿತು. ದಂಡದ ಮಾತು ಬರುವ ಮೊದಲೇ ಎಷ್ಟೋ ಮನೆಗಳಲ್ಲಿ ಗಿಡಕ್ಕೆ ಪೈಪು ಹಿಡಿಯುವುದು ನಿಂತುಹೋಗಿತ್ತು. ಸ್ನಾನಕ್ಕೆ ಬಕೆಟ್ ಲೆಕ್ಕ ಹಾಕುವ ಮನೆಯಲ್ಲಿ ದಾಸವಾಳಕ್ಕೆ ನೀರು ಬಿಡಲು ಯಾರಿಗೆ ತಾನೇ ಕೈ ಬಂದೀತು?

ರಾಜರಾಜೇಶ್ವರಿ ನಗರದಲ್ಲಿ ನಮ್ಮ ದೊಡ್ಡಮ್ಮನ ಮನೆ. ಗೇಟು ದಾಟಿದರೆ ಬಲಗಡೆ ಕಾಂಪೌಂಡಿಗೆ ಒತ್ತಿಕೊಂಡು, ಹಿತ್ತಿಲ ನಲ್ಲಿಯವರೆಗೆ ಓಡುವ ಮಣ್ಣಿನ ಪಟ್ಟಿ. ಅಗಲ ಹೆಚ್ಚೆಂದರೆ ನಾಲ್ಕಡಿ. ಮುಂದೆ ಹಳದಿ ಎಲೆಯ ಡುರಾಂಟಾ ಬೇಲಿ, ಅದರ ಬೆನ್ನಿಗೆ ನಂದಿಬಟ್ಟಲು, ನಡುಮನೆಯ ಕಿಟಕಿಗೆ ಎದುರಾಗಿ ಎರಡು ಕೆಂಪು ದಾಸವಾಳ, ಆಮೇಲೆ ಕಣಗಿಲೆ, ಪಾರಿಜಾತ, ಕೊನೆಗೆ ಅಡುಗೆಮನೆಯ ನೀರು ಹೊರಬರುವ ಮೂಲೆಯಲ್ಲಿ ದುಂಡು ಮಲ್ಲಿಗೆ. ಬೆಳಗಿನ ಪೂಜೆಯ ಬುಟ್ಟಿ ತುಂಬುತ್ತಿದ್ದದ್ದು ಈ ಸಾಲಿನಿಂದಲೇ. ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಆಚೆಯಿಂದ ಕೈ ಚಾಚಿ ನಂದಿಬಟ್ಟಲು ಕಿತ್ತುಕೊಳ್ಳುತ್ತಿದ್ದರು, ಅದು ಇಬ್ಬರಿಗೂ ಒಪ್ಪಿತವಾದ ಹಕ್ಕು.

ಮೇ ತಿಂಗಳ ಮೊದಲ ವಾರ ನೋಡಿದಾಗ ಸಾಲು ಪೂರ್ತಿ ಕಂದಿತ್ತು. ಆದರೆ ಒಂದೊಂದು ಗಿಡ ಒಣಗಿದ ಬಗೆಯೇ ಬೇರೆ. ಡುರಾಂಟಾದ ಎಲೆಗಳು ಉದುರದೆ ಕೊಂಬೆಗೇ ಕಚ್ಚಿಕೊಂಡು, ಮುಟ್ಟಿದರೆ ಪುಡಿಯಾಗುವಷ್ಟು ಗರಿಗರಿಯಾಗಿದ್ದವು. ನಂದಿಬಟ್ಟಲು ಎಲೆಯನ್ನೆಲ್ಲ ಕಳಚಿ ಬೂದು ಕಡ್ಡಿಗಳ ಕಟ್ಟಾಗಿ ನಿಂತಿತ್ತು. ದಾಸವಾಳದ ತುದಿಗಳು ಮುರುಟಿ ಗಂಟುಗಟ್ಟಿ, ಕೆಳಗಿನ ಎಲೆಗಳ ಮೇಲೆ ಮಸಿ ಬಳಿದಂಥ ಕಪ್ಪು. ಮಲ್ಲಿಗೆಯದು ಎಲ್ಲಕ್ಕಿಂತ ವಿಚಿತ್ರ. ಎಲೆ ಇನ್ನೂ ಹಸಿರಿದ್ದಾಗಲೇ ಇಡೀ ಬಳ್ಳಿ ಒಮ್ಮೆಗೇ ಜೋತುಬಿದ್ದು, ಜೋತಲ್ಲೇ ಒಣಗಿಹೋಗಿತ್ತು. ಇವೆಲ್ಲದರ ನಡುವೆ ಕಣಗಿಲೆ ಮಾತ್ರ ತಿಳಿಗುಲಾಬಿ ಗೊಂಚಲು ಹೊತ್ತು, ಬೇಸಿಗೆ ಬಂದದ್ದೇ ಗೊತ್ತಿಲ್ಲವೆಂಬಂತೆ ನಿಂತಿತ್ತು.

ಒಣಗಿದ ಗಿಡ ಕಂಡ ಕೂಡಲೇ ಮಚ್ಚು ಎತ್ತುವ ಅವಸರ ನಮ್ಮಲ್ಲಿ ಬಹಳ. ಅದು ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೇಸಿಗೆಯಲ್ಲಿ ಎಲೆ ಕಳಚುವುದು ಎಷ್ಟೋ ಗಿಡಗಳು ಜೀವ ಉಳಿಸಿಕೊಳ್ಳುವ ದಾರಿ. ಎಲೆ ಇಲ್ಲದಿದ್ದರೆ ನೀರು ಆವಿಯಾಗಿ ಹೋಗುವ ಬಾಗಿಲೇ ಮುಚ್ಚಿದ ಹಾಗೆ. ಆದ್ದರಿಂದ ಭರಣಿ ಮಳೆ ಬಂದು ನೆಲ ಒಮ್ಮೆ ನೆನೆಯುವವರೆಗೆ ಕಾಯಬೇಕು. ಆ ವರ್ಷ ಮೇ ತಿಂಗಳ ಶುರುವಿನಲ್ಲೇ ಮಳೆ ಬಂತು. ಗುಡುಗಿನ ಜೊತೆ ಸಂಜೆ ಬಿದ್ದ ಮಳೆಗೆ ಮಣ್ಣಿನ ವಾಸನೆ ಎದ್ದು ಬೀದಿಯ ಜನ ಬಾಗಿಲಿಗೆ ಬಂದು ನಿಂತಿದ್ದರು.

ಗಿಡದ ಕೆಲಸಕ್ಕೆ ಬಂದವನು ಯಾದಗಿರಿ ಕಡೆಯ ಹುಡುಗ. ಕಟ್ಟಡದ ಕೆಲಸ ಇಲ್ಲದ ದಿನ ಇಂಥ ಅಗೆತ ಹಿಡಿಯುತ್ತಾನೆ. ಹಾರೆ, ಪಿಕಾಸಿ, ಸಲಿಕೆಗಳನ್ನು ಕಾಂಪೌಂಡಿಗೆ ಒರಗಿಸಿ, ಅವನು ಮೊದಲು ಮಾಡಿದ್ದು ಪಾರಿಜಾತದ ಕೊಂಬೆಗೆ ಹೆಬ್ಬೆರಳ ಉಗುರು ಊರಿದ್ದು. ತೊಗಟೆ ಒಂದು ಎಳೆಯಷ್ಟು ಸುಲಿಯಿತು.

“ಅಮ್ಮಾರ, ಇದು ಸತ್ತಿಲ್ರೀ. ಇಲ್ಲಿ ನೋಡ್ರಿ, ಒಳಗ ಹಸಿ ಐತಿ.”

ದೊಡ್ಡಮ್ಮ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಚೌಕದ ಕಡ್ಡಿಯ ಮೇಲೆ ತಿಳಿಹಸಿರಿನ ಗೀರು. “ಹಾಗಾದ್ರೆ ಅದನ್ನ ಮುಟ್ಬೇಡಪ್ಪ. ಶ್ರಾವಣಕ್ಕೆ ನೋಡೋಣ” ಎಂದರು.

ಹಾಗೆ ಒಂದೊಂದೇ ಗಿಡದ ಪರೀಕ್ಷೆ ನಡೆಯಿತು. ತುದಿಯಿಂದ ಬುಡದ ಕಡೆಗೆ ಉಗುರು ಊರುತ್ತಾ ಬರಬೇಕು. ತುದಿಯಲ್ಲಿ ಕಂದು, ಮೊಳದ ಕೆಳಗೆ ಕಂದು, ಬುಡದ ಹತ್ತಿರ ಹಸಿರು ಸಿಕ್ಕಿದರೆ ಅಲ್ಲಿಗೆ ಕತ್ತರಿಸಿ ಬಿಟ್ಟರೆ ಸಾಕು, ಚಿಗುರುತ್ತದೆ. ಬುಡದಲ್ಲೂ ಕಂದೇ ಇದ್ದು ಕಡ್ಡಿ ಬಾಗದೆ ಚಟ್ಟನೆ ಮುರಿದರೆ ಗಿಡ ಹೋಯಿತೆಂದು ಲೆಕ್ಕ. ಎರಡು ದಾಸವಾಳಗಳಲ್ಲಿ ಗೇಟಿನ ಕಡೆಯದು ಹೋಗಿತ್ತು, ಇನ್ನೊಂದರ ಬುಡದಿಂದ ಆಗಲೇ ಕೆಂಪು ಮೊಳಕೆ ಇಣುಕುತ್ತಿತ್ತು. ಡುರಾಂಟಾ ಪೂರ್ತಿ ಹೋಗಿತ್ತು. ನಂದಿಬಟ್ಟಲು, ಮಲ್ಲಿಗೆಯೂ ಅಷ್ಟೆ.

ಸತ್ತ ದಾಸವಾಳಕ್ಕೆ ಹುಡುಗ ಮಚ್ಚು ಎತ್ತುವಷ್ಟರಲ್ಲಿ ದೊಡ್ಡಮ್ಮ ಕೈ ಅಡ್ಡ ಮಾಡಿದರು. ಕಿಟಕಿಯ ಕಡೆಯ ಒಣಕೊಂಬೆಯ ತುದಿಗೆ ಸೂರಕ್ಕಿಯ ಗೂಡು ನೇತಾಡುತ್ತಿತ್ತು. ಜೇಡರಬಲೆಯ ಎಳೆಯಲ್ಲಿ ತೊಗಟೆಯ ಚೂರು, ಒಣಹುಲ್ಲು, ಹುಳದ ಹಿಕ್ಕೆಗಳನ್ನೆಲ್ಲ ಅಂಟಿಸಿಕೊಂಡ ಆ ಗೂಡನ್ನು ಬಲೆಗೆ ಸಿಕ್ಕ ಕಸವೆಂದೇ ತಿಳಿಯಬೇಕು, ಅಷ್ಟು ಸೊಗಸಾದ ಮರೆ. ಬಾಯಿಯ ಮೇಲೊಂದು ಪುಟ್ಟ ಚಾವಣಿ ಬೇರೆ. ಒಳಗಿನಿಂದ ಸಣ್ಣ ಕೀಚಲು. ಒಣಕೊಂಬೆಯನ್ನೇ ಆರಿಸಿ ಗೂಡು ತೂಗಿಸುವುದು ಈ ಹಕ್ಕಿಯ ರೂಢಿ. ನಮಗೆ ಸತ್ತ ಗಿಡ ಅದಕ್ಕೆ ಸಂಸಾರದ ಜಾಗ. ಮರಿಗಳು ಹಾರುವವರೆಗೆ ಆ ಗಿಡದ ಸುದ್ದಿ ಎತ್ತಬಾರದೆಂದು ತೀರ್ಮಾನವಾಯಿತು. ತೋಟ ಶುಚಿ ಮಾಡಲು ಹೊರಟವರು ಮೊದಲು ಕಣ್ಣು ಹಾಯಿಸಬೇಕಾದ್ದು ಇಂಥ ಕಡೆ. ಮೇ ತಿಂಗಳು ಪಿಕಳಾರಕ್ಕೂ ಮರಿ ಮಾಡುವ ಕಾಲ.

ಅಗೆಯುವ ಮುನ್ನ ನೆಲದ ಕೆಳಗೆ ಏನಿದೆ ಎಂದು ಕೇಳಿ ತಿಳಿಯುವ ಕೆಲಸವೂ ಇತ್ತು. ಕಾವೇರಿ ನೀರಿನ ಪೈಪು ಎಲ್ಲಿಂದ ಸಂಪಿಗೆ ಹೋಗುತ್ತದೆ, ಒಳಚರಂಡಿಯ ಪೈಪು ಯಾವ ಬದಿ, ಗೇಟಿನ ದೀಪದ ವೈರು ಎಲ್ಲಿ ಹೂತಿದೆ. ಈಗ ಕೆಲವು ಬಡಾವಣೆಗಳಲ್ಲಿ ಅಡುಗೆ ಅನಿಲದ ಕೊಳವೆಯೂ ಗೋಡೆಯ ಬುಡದಲ್ಲೇ ಹಾಯುತ್ತದೆ. ಹಾರೆ ಹಾಕಿದ ಮೇಲೆ ತಿಳಿಯುವ ವಿಷಯಗಳಲ್ಲ ಇವು. ಕಾಂಪೌಂಡಿನ ಸೈಜುಗಲ್ಲಿನ ಪಾಯಕ್ಕೆ ಬೇರು ಹೆಣೆದುಕೊಂಡ ಕಡೆ ಕೀಳುವ ಹಟವನ್ನೂ ಬಿಡಬೇಕು. ಅಲ್ಲಿ ನೆಲಮಟ್ಟಕ್ಕೆ ಕೊಯ್ದು ಬಿಟ್ಟರೆ ಬೇರು ಒಳಗೇ ಕರಗುತ್ತದೆ, ಗೋಡೆಯೂ ಅಲುಗುವುದಿಲ್ಲ.

ಕೆಲಸ ಡುರಾಂಟಾದಿಂದ ಶುರುವಾಯಿತು. ಮುಳ್ಳಿನ ಗಿಡ. ಹುಡುಗ ಗೋಣಿಚೀಲ ಸುತ್ತಿಕೊಂಡ ಕೈಯಲ್ಲಿ ಕೊಂಬೆಗಳನ್ನು ಹಿಡಿದು, ಸೊಂಟದೆತ್ತರಕ್ಕೆ ಕಾಂಡ ಬಿಟ್ಟು ಮೇಲಿನದನ್ನೆಲ್ಲ ಸವರಿದ. ನೆಲಮಟ್ಟಕ್ಕೆ ಕಡಿದುಬಿಟ್ಟರೆ ಆಮೇಲೆ ಹಿಡಿದು ಅಲುಗಿಸಲು ಏನೂ ಉಳಿಯುವುದಿಲ್ಲ. ಬುಡದಿಂದ ಗೇಣು ದೂರಕ್ಕೆ ಸುತ್ತಲೂ ಕಾಲುವೆ ತೋಡಿ, ಅಡ್ಡಬೇರು ಸಿಕ್ಕಿದಲ್ಲಿ ಕೊಡಲಿಯ ಏಟು ಹಾಕಿ, ಬಳಿಕ ಹಾರೆಯನ್ನು ಬುಡದಡಿಗೆ ತೂರಿಸಿ ಮೀಟುವುದು ಕ್ರಮ. ಮಳೆ ಬಿದ್ದು ಒಂದೆರಡು ದಿನ ಕಳೆದ ಮಣ್ಣು ಈ ಕೆಲಸಕ್ಕೆ ಹದ. ಒಣನೆಲ ಹಾರೆಯನ್ನೇ ಹಿಂದಕ್ಕೆ ಒದೆಯುತ್ತದೆ. ತೀರ ಹಸಿಯಿದ್ದರೆ ಕೆಮ್ಮಣ್ಣು ಸಲಿಕೆಗೆ ಮೆತ್ತಿ, ಗುಂಡಿಯ ಗೋಡೆಗೆ ಸಾರಿಸಿದಂತಾಗಿ ಮುಂದೆ ಎಳೆಬೇರು ತೂರಲು ಬಿಡುವುದಿಲ್ಲ.

ಮೂರನೆಯ ಏಟಿಗೇ ಠಣ್ ಎಂದಿತು. ಇಟ್ಟಿಗೆ. ಅದರ ಕೆಳಗೆ ಗಟ್ಟಿಯಾದ ಸಿಮೆಂಟಿನ ಹೆಂಟೆ, ಟೈಲ್ಸಿನ ಚೂರು, ಒಂದು ತುಂಡು ಪಿವಿಸಿ ಪೈಪು, ಸುಣ್ಣದ ಪದರ. ಮನೆ ಕಟ್ಟಿ ಮುಗಿಸಿದವರು ಉಳಿಕೆಯನ್ನೆಲ್ಲ ಇಲ್ಲಿ ಸುರಿದು ಮೇಲೆ ಅರ್ಧ ಅಡಿ ಕೆಮ್ಮಣ್ಣು ಹಾಸಿದ್ದರು. ಬೇಲಿ ಇಷ್ಟು ವರ್ಷ ಬದುಕಿದ್ದು ಆ ಅರ್ಧ ಅಡಿಯಲ್ಲಿ. ಬೇರುಗಳು ಕೆಳಗಿಳಿಯಲು ದಾರಿಯಿಲ್ಲದೆ ಚಪ್ಪಟೆಯಾಗಿ ಅಡ್ಡಕ್ಕೆ ಹರಡಿದ್ದವು. ಪ್ರತಿ ವರ್ಷ ಹೊಸ ಎಲೆ ನರ ಮಾತ್ರ ಹಸಿರಾಗಿ, ಉಳಿದದ್ದು ಬಿಳಿಚಿಕೊಂಡು ಬರುತ್ತಿದ್ದದ್ದಕ್ಕೂ ಉತ್ತರ ಇಲ್ಲೇ ಇತ್ತು. ಸಿಮೆಂಟು, ಸುಣ್ಣ ಸೇರಿದ ಮಣ್ಣು ಕ್ಷಾರವಾಗುತ್ತದೆ, ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಹಳದಿ ಜಾತಿಯ ಗಿಡವಾದ್ದರಿಂದ ಆ ಬಿಳಿಚು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬಾಂಡಲಿಗಟ್ಟಲೆ ಕಸ ಹೊರಬಂತು. ಬೆಂಗಳೂರಿನಲ್ಲಿ ಸೈಟು ಕೊಂಡು ಮನೆ ಕಟ್ಟಿಸುವವರು ಬಾಗಿಲಿಗೆ ತೇಗ ಆರಿಸುವಾಗ ತೋರುವ ಕಾಳಜಿಯಲ್ಲಿ ಒಂದು ಪಾಲನ್ನು ಈ ನಾಲ್ಕಡಿ ಮಣ್ಣಿಗೂ ತೋರಿಸಿದ್ದರೆ ಎಷ್ಟು ಗಿಡ ಉಳಿಯುತ್ತಿದ್ದವೋ.

ನಂದಿಬಟ್ಟಲು ಕೀಳಲು ಹಾರೆ ಬೇಕಾಗಲೇ ಇಲ್ಲ. ಎರಡು ಕೈಯಲ್ಲಿ ಹಿಡಿದು ತಿರುಗಿಸಿದರೆ ಬುಡ ಸಮೇತ ಎದ್ದುಬಂತು. ಕೆಳಗೆ ನೋಡಿದರೆ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಕವರು ಹಾಗೇ ಇತ್ತು! ನೆಟ್ಟವರು ಅದನ್ನು ಸೀಳದೆ ಗುಂಡಿಗೆ ಇಳಿಸಿದ್ದರು. ಬೇರುಗಳು ಹೊರಗೆ ದಾರಿ ಹುಡುಕಿ ಹುಡುಕಿ ಕವರಿನೊಳಗೇ ಸುತ್ತಿ, ಹೊರೆ ಹೊರುವವರ ತಲೆಯ ಸಿಂಬಿಯಂತೆ ಒಂದರ ಮೇಲೊಂದು ಬಿಗಿದುಕೊಂಡಿದ್ದವು. ತಳದ ತೂತಿನಿಂದ ತಪ್ಪಿಸಿಕೊಂಡ ಒಂದೇ ಒಂದು ಬೇರು, ಕಿರುಬೆರಳ ಗಾತ್ರದ್ದು, ಇಷ್ಟು ಕಾಲ ಆ ಗಿಡವನ್ನೂ ಅದರ ಹೂವನ್ನೂ ಸಾಕಿತ್ತು. ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಮೇಲಿಂದ ಇಣುಕಿ ನೋಡಿ, “ಅಯ್ಯೋ ಪಾಪ, ಇದ್ರಲ್ಲಿ ಅಷ್ಟು ಹೂ ಬಿಡ್ತಿತ್ತಲ್ಲೇ” ಎಂದರು. ಮೇಲೆ ನೀರು ಬೀಳುತ್ತಿದ್ದಷ್ಟು ದಿನ ಕವರಿನೊಳಗಿನ ಬದುಕು ಸಾಗಿತ್ತು. ನೀರು ನಿಂತ ಬೇಸಿಗೆಯಲ್ಲಿ ಆಳದ ತೇವ ಹೀರಲು ಆ ಒಂದು ಬೇರು ಸಾಲಲಿಲ್ಲ.

ಸೂರಕ್ಕಿಯ ಮರಿಗಳು ಹಾರಿಹೋದ ಮೇಲೆ ದಾಸವಾಳದ ಸರದಿ ಬಂತು. ಇದು ನೀರಡಿಕೆಯೊಂದರಿಂದಲೇ ಸತ್ತದ್ದಲ್ಲ. ಮುರುಟಿದ ತುದಿಗಳ ಸಂದಿಯಲ್ಲಿ ಹತ್ತಿಯ ಎಳೆ ಅಂಟಿಸಿದ ಹಾಗಿದ್ದ ಬಿಳಿಯ ಒಣಪೊರೆ ಹಿಟ್ಟುತಿಗಣೆಯದು. ಅದು ರಸ ಹೀರಿ ಸಿಹಿ ಜಿನುಗಿಸುತ್ತದೆ, ಆ ಸಿಹಿಗೆ ಇರುವೆ ಬರುತ್ತದೆ, ಕಪ್ಪು ಬೂಷ್ಟು ಬೆಳೆಯುತ್ತದೆ. ಎಲೆಯ ಮೇಲಿನ ಮಸಿ ಅದೇ. ಇರುವೆಗಳು ತಿಗಣೆಯ ಶತ್ರುಗಳನ್ನು ಓಡಿಸಿ ಅದನ್ನು ಕಾಯುತ್ತವೆ. ಪಪ್ಪಾಯದ ಹಿಟ್ಟುತಿಗಣೆ ಎಂಬ ಹೊಸ ಜಾತಿ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಕರ್ನಾಟಕಕ್ಕೂ ಹಬ್ಬಿದಾಗ ಹಿಪ್ಪುನೇರಳೆ, ಪಪ್ಪಾಯದ ಜೊತೆ ಮನೆಯಂಗಳದ ದಾಸವಾಳಗಳೂ ನೆಲಕಚ್ಚಿದ್ದವು. ಔಷಧಿ ಸಿಂಪಡಿಸಿ ಜನ ಸುಸ್ತಾಗಿದ್ದರು, ಮೈಮೇಲಿನ ಮೇಣದ ಪುಡಿ ಔಷಧಿಯನ್ನು ಒಳಗೆ ಬಿಡುವುದಿಲ್ಲ. ಕೊನೆಗೆ ಬೆಂಗಳೂರಿನ ಹೆಬ್ಬಾಳದ ಕೃಷಿ ಕೀಟ ಬ್ಯೂರೋದ ವಿಜ್ಞಾನಿಗಳು 2010ರಲ್ಲಿ ಪೋರ್ಟೊರಿಕೊದಿಂದ ಪುಟ್ಟ ಪರತಂತ್ರ ಕಣಜಗಳನ್ನು ತರಿಸಿ, ಸಾಕಿ, ಹೊಲಗಳಿಗೆ ಬಿಟ್ಟರು. ಅಸೆರೊಫ್ಯಾಗಸ್ ಪಪ್ಪಾಯೆ ಎಂಬ, ಕಣ್ಣಿಗೆ ಕಂಡೂ ಕಾಣದ ಆ ಕಣಜ ತಿಗಣೆಯ ಮೈಯೊಳಗೇ ಮೊಟ್ಟೆಯಿಟ್ಟು ಹಾವಳಿಯನ್ನು ಇಳಿಸಿತು. ನಮ್ಮ ಊರಿನಲ್ಲೇ ನಡೆದ ಈ ಕೆಲಸವನ್ನು ಗಿಡ ಬೆಳೆಸುವ ಪ್ರತಿಯೊಬ್ಬರೂ ನೆನೆಯಬೇಕೆಂದು ನನಗೆ ಅನ್ನಿಸುತ್ತದೆ. ಅಂಗಳದಲ್ಲಿ ಬೇಕಾಬಿಟ್ಟಿ ವಿಷ ಹೊಡೆದರೆ ಮೊದಲು ಸಾಯುವುದು ಇಂಥ ಕಣಜಗಳು, ಗುಲಗಂಜಿ ಹುಳುಗಳು. ತಿಗಣೆ ತಿನ್ನುವ ಒಂದು ಗುಲಗಂಜಿ ಹುಳುವಿನ ಮರಿಯ ಮೈಮೇಲೂ ಬಿಳಿ ಮೇಣವಿರುತ್ತದೆ, ನೋಡಲು ದೊಡ್ಡ ತಿಗಣೆಯೇ. ಗೊತ್ತಿಲ್ಲದವರು ಅದನ್ನೇ ಹೊಸಕಿಹಾಕುತ್ತಾರೆ.

ತಿಗಣೆ ಹತ್ತಿದ ಕೊಂಬೆಗಳನ್ನು ಎಳೆದಾಡಿದರೆ ಪಕ್ಕದ ಗಿಡಕ್ಕೂ ಉದುರುತ್ತದೆ. ಹುಡುಗ ಅವನ್ನು ಕತ್ತರಿಸಿದಲ್ಲೇ ಚೀಲಕ್ಕೆ ತುರುಕಿ ಬಾಯಿ ಕಟ್ಟಿದ. ಬುಡ ಅಗೆದಾಗ ಇನ್ನೊಂದು ಕಥೆ ಹೊರಬಿತ್ತು. ಮೇಲ್ಮಣ್ಣು ಬೆರಳುದ್ದ ಹೆಪ್ಪುಗಟ್ಟಿ, ಮೇಲೆ ಬಿಳಿ ಉಪ್ಪು ಹೂತಿತ್ತು, ಭರಣಿ ಮಳೆ ಬಿದ್ದ ಮೇಲೂ ಗೇಣು ಕೆಳಗಿನ ಮಣ್ಣು ಒಣಪುಡಿ. ನೀರಿಗೆ ಬರ ಬಂದಾಗಿನಿಂದ ಬಟ್ಟೆ ತೊಳೆಯುವ ಯಂತ್ರದ ನೀರನ್ನು ದೊಡ್ಡಮ್ಮ ಬಕೆಟಿನಲ್ಲಿ ಹಿಡಿದು ಈ ಗಿಡಕ್ಕೆ ಹಾಕುತ್ತಿದ್ದರು. ಸೋಪಿನ ಪುಡಿಯಲ್ಲಿ ಇರುವ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿ ಮಾಡಿ ನೆಲದ ಬಾಯನ್ನೇ ಮುಚ್ಚಿಬಿಡುತ್ತದೆ. ನೀರು ಹಾಕಿದಷ್ಟೂ ಅದು ಮೇಲೇ ಹರಿದುಹೋಗಿತ್ತು.

ಮಲ್ಲಿಗೆಯ ಮೂಲೆಯಲ್ಲಿ ಇದಕ್ಕೆ ತದ್ವಿರುದ್ಧ. ಇಡೀ ಸಾಲು ಬಾಯಾರಿ ನಿಂತಿದ್ದ ಬೇಸಿಗೆಯಲ್ಲಿ ಈ ಒಂದು ಗಿಡ ನೀರು ಹೆಚ್ಚಾಗಿ ಸತ್ತಿತ್ತು. ಅಕ್ಕಿ ತೊಳೆದದ್ದು, ತರಕಾರಿ ತೊಳೆದದ್ದು, ಪಾತ್ರೆಯ ಜಿಡ್ಡು ನೀರು, ಎಲ್ಲವೂ ದಿನವಿಡೀ ಇಲ್ಲಿಗೇ ಇಳಿಯುತ್ತಿತ್ತು. ಮಲ್ಲಿಗೆ ಮೇಲೆ ಮನೆಯವರಿಗೆ ಅಷ್ಟು ಮಮತೆ. ಬುಡದ ಮಣ್ಣು ಕಪ್ಪಗೆ ಹುಳಿವಾಸನೆ ಬೀರುತ್ತಿತ್ತು. ಕಾಂಡ ನೆಲ ಸೇರುವಲ್ಲಿ ತೊಗಟೆ ಕೊಳೆತು ಕಳಚಿ, ಬಿಳಿ ನೂಲಿನ ಶಿಲೀಂಧ್ರ ಹಬ್ಬಿ, ಅದರ ಮೇಲೆ ಸಾಸಿವೆ ಗಾತ್ರದ ಕಂದು ಗುಂಡುಗಳು. ಸ್ಕ್ಲೆರೋಶಿಯಂ ರೋಗದ ಗುರುತು ಅದು. ಆ ಗುಂಡುಗಳು ವರ್ಷಗಟ್ಟಲೆ ಮಣ್ಣಿನಲ್ಲಿ ಜೀವ ಹಿಡಿದಿರುತ್ತವೆ. ಅಲ್ಲೇ ಇನ್ನೊಂದು ಮಲ್ಲಿಗೆ ನೆಟ್ಟರೆ ಅದಕ್ಕೂ ಇದೇ ಗತಿ. ಆ ಬುಡ, ಅದರ ಸುತ್ತಿನ ಮಣ್ಣು ಗೊಬ್ಬರದ ಗುಂಡಿಗೂ ಹೋಗಬಾರದು. ಬೇರೆ ಚೀಲಕ್ಕೆ ತುಂಬಿಸಿ ಮನೆಯಿಂದ ಆಚೆ ಹಾಕಿದ್ದಾಯಿತು, ಸಲಿಕೆಯನ್ನೂ ತೊಳೆದು ಒಣಗಿಸಿದ್ದಾಯಿತು.

ಹೀಗೆ ಒಂದೇ ಬೇಸಿಗೆ, ಒಂದೇ ಗೋಡೆಯ ಬುಡ, ನಾಲ್ಕು ಗಿಡಗಳಿಗೆ ನಾಲ್ಕು ಬಗೆಯ ಸಾವು. ಬಿಸಿಲಿನ ಮೇಲೆ ದೂರು ಹೊರಿಸಿ, ನರ್ಸರಿಯಿಂದ ನಾಲ್ಕು ಹೊಸ ಗಿಡ ತಂದು ಅದೇ ತೂತುಗಳಿಗೆ ಇಳಿಸಿದ್ದರೆ ಎರಡು ವರ್ಷದಲ್ಲಿ ಮತ್ತೆ ಇದೇ ಸಾಲು ಕಾಣುತ್ತಿತ್ತು. ಗಿಡ ಕೀಳುವ ದಿನವೇ ಹೊಸದು ನೆಡುವ ಆತುರವನ್ನು ನಾನು ಒಪ್ಪದಿರುವುದು ಇದಕ್ಕೇ.

ಗುಂಡಿಗಳು ಒಂದೂವರೆ ಅಡಿ ಉದ್ದ, ಅಗಲ, ಆಳಕ್ಕೆ ಬಾಯಿ ತೆರೆದು ಬಿಸಿಲಿಗೆ ಬಿದ್ದವು. ಗೋಡೆಯಿಂದ ಎರಡಡಿ ಈಚೆಗೆ ಸರಿಸಿ ತೋಡಿಸಿದ್ದು, ಗೋಡೆಯ ಕಾವು ತಟ್ಟದಿರಲಿ ಎಂದು. ಮೇಲ್ಮಣ್ಣು ಒಂದು ಗುಡ್ಡೆ, ಕೆಳಮಣ್ಣು ಇನ್ನೊಂದು. ಬೆಳಗಾದರೆ ಗೊರವಂಕಗಳು ಬಂದು ಗುಡ್ಡೆ ಕೆದಕಿ ಗೊಣ್ಣೆಹುಳು ಹೆಕ್ಕುತ್ತಿದ್ದವು. ಉದ್ದ ನೆಟ್ಟಗಿನ ದಾಸವಾಳದ ಒಣಕಾಂಡಗಳಲ್ಲಿ ತಿಗಣೆಯಿಲ್ಲದವು ಹಿತ್ತಿಲ ಚಪ್ಪರದವರೆಗೆ ಬಳ್ಳಿ ಹಬ್ಬಿಸುವ ಊರುಗೋಲಾದವು. ಬೊಡ್ಡೆ, ಬೇರಿನ ಚೂರುಗಳನ್ನು ಹುಡುಗ ಗುಂಡಿಗೇ ತಳ್ಳಹೊರಟಿದ್ದ. ಅದು ಕೂಡದು. ಕೊಳೆಯದ ಮರ ಮಣ್ಣೊಳಗೆ ಕೊಳೆಯುವಾಗ ಸಾರಜನಕವನ್ನು ಹೊಸ ಗಿಡದ ಬಾಯಿಂದ ಕಸಿದುಕೊಳ್ಳುತ್ತದೆ, ಗೆದ್ದಲನ್ನೂ ಕರೆಯುತ್ತದೆ. ಸವರಿದ ಕಣಗಿಲೆಯ ಕೊಂಬೆಗಳನ್ನು ಬೇರೆ ಇಡಿಸಿದೆವು. ಅದರ ಹಾಲು, ಎಲೆ, ಹೊಗೆ ಎಲ್ಲವೂ ವಿಷ, ಒಲೆಗೂ ಹಾಕುವಂತಿಲ್ಲ, ದನಕ್ಕೂ ಸಿಗುವಂತಿಲ್ಲ.

ಗೊಬ್ಬರ ಕೆಂಗೇರಿ ಕಡೆಯ ಕೊಟ್ಟಿಗೆಯಿಂದ ಬಂತು. ದೊಡ್ಡಮ್ಮ ಚೀಲ ಬಿಚ್ಚಿಸಿ ಮೊಣಕೈವರೆಗೆ ಕೈ ತೂರಿಸಿ ನೋಡಿದರು. ಒಳಗೆ ಬಿಸಿಯಿದ್ದರೆ ಗೊಬ್ಬರ ಇನ್ನೂ ಕಳಿತಿಲ್ಲ, ತಣ್ಣಗಿದ್ದು ಸಗಣಿ ವಾಸನೆ ಹೋಗಿ ಮಣ್ಣಿನ ವಾಸನೆ ಬಂದಿದ್ದರೆ ಹದ. ಅದಕ್ಕೆ ಟ್ರೈಕೋಡರ್ಮಾ ಪುಡಿ ಬೆರೆಸಿ, ನೀರು ಚಿಮುಕಿಸಿ, ಗೋಣಿ ಹೊದಿಸಿ ನೆರಳಿನಲ್ಲಿಟ್ಟರು. ಕೆಲವು ದಿನ ಕಳೆದು ಗೋಣಿ ಎತ್ತಿದಾಗ ಗುಡ್ಡೆಯ ಮೇಲೆ ತಿಳಿಹಸಿರು ಬೂಷ್ಟು ಹಬ್ಬಿತ್ತು. ಬೇರು ಕೊಳೆಸುವ ಶಿಲೀಂಧ್ರಗಳನ್ನು ತಿಂದು ಬದುಕುವ ಶಿಲೀಂಧ್ರ ಅದು.

ಜೂನ್ 2, ಭಾನುವಾರ, ರೋಹಿಣಿ ಮಳೆ. ಆ ಒಂದು ದಿನ ಬೆಂಗಳೂರಿನಲ್ಲಿ 111 ಮಿಲಿಮೀಟರ್ ಸುರಿಯಿತು. ಜೂನ್ ತಿಂಗಳ ಒಂದೇ ದಿನ ಅಷ್ಟು ಮಳೆ 133 ವರ್ಷಗಳಲ್ಲಿ ಬಿದ್ದಿರಲಿಲ್ಲ. ಊರ ತುಂಬ ಮರಗಳುರುಳಿದವು. ಮನೆಯ ಗುಂಡಿಗಳೆಲ್ಲ ಕೆಂಪು ನೀರಿನಿಂದ ತುಂಬಿ ತುಳುಕಿದವು. ಗುಂಡಿಗೆ ನೀರು ತುಂಬಿಸಿ ಎಷ್ಟು ಹೊತ್ತಿಗೆ ಇಂಗುತ್ತದೆಂದು ನೋಡುವ ಪರೀಕ್ಷೆಯೊಂದಿದೆ, ಅದನ್ನು ಮಳೆಯೇ ಮಾಡಿ ಮುಗಿಸಿತು. ಬೆಳಗ್ಗೆ ನೋಡಿದರೆ ಡುರಾಂಟಾದ ಗುಂಡಿ ಬರಿದು, ನಂದಿಬಟ್ಟಲಿನದು ಬರಿದು, ದಾಸವಾಳದ್ದರ ತಳದಲ್ಲಿ ಒಂದಿಷ್ಟು ಕೆಸರು. ಮಲ್ಲಿಗೆಯದು ಮಾತ್ರ ಅರ್ಧ ತುಂಬಿಕೊಂಡೇ ಇತ್ತು. ಆ ಮೂಲೆ ಎಂದಿನಿಂದಲೂ ನೀರು ಹಿಡಿಯುವ ಜಾಗ. ಮಲ್ಲಿಗೆಯನ್ನು ನೆಟ್ಟದ್ದೇ ಸಲ್ಲದ ಕಡೆ.

ಮೃಗಶಿರದ ಜಿಟಿಜಿಟಿಯಲ್ಲಿ ನೆಡುವ ಕೆಲಸ. ಎರಡು ಪಾಲು ಮೇಲ್ಮಣ್ಣಿಗೆ ಒಂದು ಪಾಲು ಗೊಬ್ಬರ, ಗುಂಡಿಗೊಂದು ಹಿಡಿ ಬೇವಿನ ಹಿಂಡಿ. ಉಪ್ಪು ಹಿಡಿದ ಗುಂಡಿಯ ಮಣ್ಣಿಗೆ ಮೊದಲೇ ಜಿಪ್ಸಂ ಬೆರೆಸಿ ಮಳೆಗೆ ತೊಳೆಯಲು ಬಿಟ್ಟಿದ್ದೆವು. ಡುರಾಂಟಾ ಜಾಗಕ್ಕೆ ಆಡುಸೋಗೆ ಬಂತು. ಆಡೂ ಮುಟ್ಟದ ಆ ಸೊಪ್ಪು ಕಡ್ಡಿಯಿಂದಲೇ ಬರುತ್ತದೆ, ನೀರು ಕಡಿಮೆಯಾದರೂ ಹಟ ಹಿಡಿದು ನಿಲ್ಲುತ್ತದೆ, ಕೆಮ್ಮಿಗೆ ಕಷಾಯವೂ ಆಯಿತು. ನಂದಿಬಟ್ಟಲನ್ನು ಮಾತ್ರ ಅದೇ ಜಾಗಕ್ಕೆ ತರಿಸಿದರು. ಅಜ್ಜಿಯ ಕೈ ನಿಲುಕುವ ಜಾಗ ಅದೊಂದೇ. ಈ ಸಲ ಕವರನ್ನು ಉದ್ದಕ್ಕೆ ಸೀಳಿ, ಹೊರಸುತ್ತಿನ ಬೇರುಗಳನ್ನು ಬೆರಳಿನಿಂದ ಬಿಡಿಸಿ, ತೀರ ಸುತ್ತಿದವನ್ನು ಕತ್ತರಿಸಿ, ಕವರಿನಲ್ಲಿ ಮಣ್ಣು ಎಲ್ಲಿಗಿತ್ತೋ ನೆಲವೂ ಅಲ್ಲಿಗೇ ಬರುವಂತೆ ಇಳಿಸಿದ್ದು. ಕಾಂಡದ ಸುತ್ತ ಮಣ್ಣು ಒಂದಿಷ್ಟು ದಿಬ್ಬ, ಪಾತಿ ಅದರಾಚೆ, ಮೇಲೆ ಒಣ ಎಲೆಯ ಹೊದಿಕೆ.

ದಾಸವಾಳಕ್ಕೆ ನರ್ಸರಿಗೆ ಹೋಗಲಿಲ್ಲ. ಉಳಿದ ಗಿಡದ ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ ಮರಳು ಬೆರೆತ ಮಣ್ಣಿನಲ್ಲಿ ಊರಿಟ್ಟರು. “ಅದೇ ಕೆಂಪು ಬೇಕು ಕಣೋ, ಈಗಿನ ಹೈಬ್ರಿಡ್ಡು ನಂಗೆ ಬೇಡ” ಎಂದರು ದೊಡ್ಡಮ್ಮ. ಬೇರು ಬಿಟ್ಟದ್ದನ್ನು ಆರಿದ್ರಾ ಕಳೆದ ಮೇಲೆ ಗುಂಡಿಗೆ ಇಳಿಸುವುದೆಂದಾಯಿತು.

ಮಲ್ಲಿಗೆ ಇನ್ನು ಮುಂದೆ ಮೆಟ್ಟಿಲ ಪಕ್ಕದ ದೊಡ್ಡ ಕುಂಡದಲ್ಲಿ, ಹೊಸ ಮಣ್ಣಿನಲ್ಲಿ. ಖಾಲಿಯಾದ ಮೂಲೆಗೆ ಪಕ್ಕದ ಮನೆಯ ಅಜ್ಜಿ ಕಾಬಾಳೆಯ ಗೆಡ್ಡೆ ಕೊಟ್ಟರು, ಜೊತೆಗೆ ನಾಲ್ಕು ಕೆಸುವಿನ ಮೊಳಕೆ. ಎರಡಕ್ಕೂ ತೇವವೆಂದರೆ ಸುಗ್ಗಿ. ಹುಡುಗ ಕೊನೆಯ ಕೆಲಸವಾಗಿ ಅಡುಗೆಮನೆಯ ಪೈಪಿನ ಬಾಯಿಗೆ ಜಲ್ಲಿ ತುಂಬಿದ ಸಣ್ಣ ಗುಂಡಿ ಮಾಡಿ, ಅಲ್ಲಿಂದ ನೀರು ಕಾಬಾಳೆಯ ಪಾತಿಗೆ ಇಳಿಯುವಂತೆ ಕಾಲುವೆ ತಿರುಗಿಸಿದ. ಯಂತ್ರದ ಸೋಪುನೀರನ್ನು ಚರಂಡಿಗೆ ಬಿಡಲು ದೊಡ್ಡಮ್ಮನಿಗೆ ಮನಸ್ಸು ಬರಲಿಲ್ಲ. ಈಗ ಅದು ಅಂಗಳ ತೊಳೆಯಲು, ಕಕ್ಕಸಿಗೆ ಹೋಗುತ್ತದೆ. ಗಿಡಗಳ ಪಾಲಿಗೆ ತಾರಸಿಯ ಮಳೆನೀರು ಹಿಡಿಯುವ ಡ್ರಮ್ಮೊಂದು ಗೇಟಿನ ಬಳಿ ಬಂದು ಕೂತಿದೆ.